ಗಡಿಯಲ್ಲಿ ನಿಂತ ಬೈಕು

ಬೈಕಿನಲ್ಲಿ ಒಬ್ಬರೇ ದೇಶದೇಶ ದಾಟಿದವರ ಕಥೆ ಓದುವಾಗ ನಮ್ಮ ಗಮನವೆಲ್ಲ ರಸ್ತೆಯ ಮೇಲೇ ಇರುತ್ತದೆ. ಪಾಮೀರಿನ ಕಲ್ಲುದಾರಿ, ಸಹಾರಾದ ಮರಳು, ಆಂಡಿಸ್ ಬೆಟ್ಟಗಳ ತಿರುವು. ಅಂಥ ಪಯಣ ಮುಗಿಸಿ ಬಂದವರನ್ನು ಎದುರಿಗೆ ಕೂರಿಸಿಕೊಂಡು ಕೇಳಿದರೆ ಮಾತು ಬೇಗನೆ ಬೇರೆ ಕಡೆ ಹೊರಳುತ್ತದೆ. ಯಾವ ಗಡಿಯಲ್ಲಿ ಎಷ್ಟು ಹೊತ್ತು ಕಾದೆ, ಯಾವ ಕಾಗದಕ್ಕೆ ಠಸ್ಸೆ ಬೀಳಲಿಲ್ಲ, ಯಾವ ವೀಸಾ ಕೈಸೇರುವಷ್ಟರಲ್ಲಿ ಘಾಟಿಯಲ್ಲಿ ಹಿಮ ಬಿದ್ದಿತ್ತು, ಇವೇ ಮುಂದೆ ಬರುತ್ತವೆ. ಈ ಸವಾರಿಗೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅದನ್ನು ನೋಡುತ್ತ ಹೋದಷ್ಟೂ ನನಗೆ ಒಂದು ವಿಷಯ ಗಟ್ಟಿಯಾಗುತ್ತ ಬಂದಿದೆ. ಇಷ್ಟು ವರ್ಷಗಳಲ್ಲಿ ಯಂತ್ರ ಸುಧಾರಿಸಿತು, ರಸ್ತೆ ಸುಧಾರಿಸಿತು, ಗಡಿ ಮಾತ್ರ ಆ ದಾರಿಯಲ್ಲಿ ನಡೆಯಲಿಲ್ಲ. ಯಾರು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಇವತ್ತಿಗೂ ತೀರ್ಮಾನಿಸುವುದು ಎರಡು ದೇಶಗಳ ನಡುವಿನ ಗೇಟು. ಭಾರತದ ಸವಾರರಿಗೆ ಈ ಮಾತು ಉಳಿದವರಿಗಿಂತ ಹೆಚ್ಚು ಅನ್ವಯಿಸುತ್ತದೆ.

ಕಥೆ ಶುರುವಾಗುವುದು 1912ರ ಅಕ್ಟೋಬರಿನಲ್ಲಿ. ಕಾರ್ಲ್ ಸ್ಟರ್ನ್ಸ್ ಕ್ಲ್ಯಾನ್ಸಿ ಎಂಬ ಅಮೆರಿಕದ ಯುವಕ ನಾಲ್ಕು ಸಿಲಿಂಡರಿನ ಹೆಂಡರ್ಸನ್ ಬೈಕಿನಲ್ಲಿ ಐರ್ಲೆಂಡಿನ ಡಬ್ಲಿನ್‌ನಿಂದ ಹೊರಟ. ಜೊತೆಗಿದ್ದ ಗೆಳೆಯ ಪ್ಯಾರಿಸ್ಸಿನಲ್ಲೇ ಹಿಂದೆ ಸರಿದ. ಕ್ಲ್ಯಾನ್ಸಿ ಒಬ್ಬನೇ ಸ್ಪೇನ್, ಅಲ್ಜೀರಿಯಾ, ಟ್ಯುನೀಷಿಯಾ ದಾಟಿ, ಹಡಗಿನಲ್ಲಿ ಸಿಲೋನಿಗೆ ಬಂದು, ಅಲ್ಲಿಂದ ಪೂರ್ವಕ್ಕೆ ಸಾಗಿ ಚೀನಾ, ಜಪಾನ್ ನೋಡಿ, ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕಿನವರೆಗೆ ಬೈಕ್ ಓಡಿಸಿದ. ಅವನನ್ನು ಕಾಡಿದ್ದು ಕೆಸರು, ಟೈರು ಮತ್ತು ಪೆಟ್ರೋಲು. ಎರಡು ದಶಕಗಳ ನಂತರ, 1932ರಲ್ಲಿ, ರಾಬರ್ಟ್ ಎಡಿಸನ್ ಫುಲ್ಟನ್ ಲಂಡನ್ನಿನಿಂದ ಡಗ್ಲಸ್ ಬೈಕಿನಲ್ಲಿ ಹೊರಟು ಒಂದೂವರೆ ವರ್ಷದಲ್ಲಿ ಟೋಕಿಯೊ ತಲುಪಿದರು. ಅವರು ದಾಟಿದ ನೆಲದ ಹಲವು ಭಾಗಗಳು ಆಗ ಯಾವುದೋ ಒಂದು ಸಾಮ್ರಾಜ್ಯದ ಕೈಯಲ್ಲಿದ್ದವು. ಬರ್ಮಾ 1937ರವರೆಗೂ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ. ಅಂದರೆ ಕ್ವೆಟ್ಟಾದಿಂದ ರಂಗೂನಿನವರೆಗೆ ಒಂದೇ ಆಡಳಿತ. ಇವತ್ತು ಅದೇ ದಾರಿಯಲ್ಲಿ ಪಾಕಿಸ್ತಾನ, ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್ ನಾಲ್ಕು ದೇಶಗಳಿವೆ, ನಾಲ್ಕು ಬಗೆಯ ಕಾನೂನುಗಳಿವೆ. ಆ ಕಾಲದ ಸಲೀಸು ಬಿಳಿಯ ಪ್ರವಾಸಿಗಷ್ಟೇ ಸಿಕ್ಕಿದ್ದು. ಅದನ್ನು ನೆನೆದು ಹಂಬಲಿಸುವ ಅಗತ್ಯ ನಮಗಿಲ್ಲ. ಆದರೂ ಆಮೇಲಿನ ಸವಾರರ ಪಾಡು ಅರ್ಥವಾಗಬೇಕಾದರೆ ಈ ಹಿನ್ನೆಲೆ ಗೊತ್ತಿರಬೇಕು.

1973ನೆಯ ಇಸವಿ ಈ ಚರಿತ್ರೆಯಲ್ಲಿ ಮುಖ್ಯವಾದದ್ದು. ಫ್ರಾನ್ಸಿನ ಪತ್ರಕರ್ತೆ ಆನ್-ಫ್ರಾನ್ಸ್ ದೊತವೀಲ್ ಆ ವರ್ಷ ಕವಾಸಕಿಯ 125 ಸಿಸಿ ಬೈಕಿನಲ್ಲಿ ಒಬ್ಬರೇ ವಿಶ್ವಪರ್ಯಟನೆಗೆ ಹೊರಟರು. ಇವತ್ತು ನಮ್ಮ ಕಾಲೇಜು ಹುಡುಗರು ಚಿಕ್ಕದೆನ್ನುವ ಎಂಜಿನ್ ಅದು. ಅದೇ ವರ್ಷ ಅಕ್ಟೋಬರ್ 6ರಂದು ಟೆಡ್ ಸೈಮನ್ 500 ಸಿಸಿಯ ಟ್ರಯಂಫ್ ಬೈಕಿನಲ್ಲಿ ಲಂಡನ್ ಬಿಟ್ಟರು. ಅರಬರಿಗೂ ಇಸ್ರೇಲಿಗೂ ಯುದ್ಧ ಶುರುವಾದದ್ದೂ ಅದೇ ದಿನ. ಅವರು ಆ ಯುದ್ಧದಲ್ಲಿದ್ದ ಈಜಿಪ್ಟಿನ ಮೂಲಕವೇ ಆಫ್ರಿಕಾದ ಒಳಕ್ಕೆ ಇಳಿಯಬೇಕಿತ್ತು. ನಾಲ್ಕು ವರ್ಷಗಳಲ್ಲಿ 45 ದೇಶ ಸುತ್ತಿದ ಸೈಮನ್ ಬರೆದ ‘ಜುಪಿಟರ್ಸ್ ಟ್ರಾವೆಲ್ಸ್’ ಈ ಬಗೆಯ ಪಯಣಿಗರೆಲ್ಲ ಓದುವ ಪುಸ್ತಕವಾಯಿತು. ಆ ಪಯಣದಲ್ಲಿ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ಪೊಲೀಸರು ಅವರನ್ನು ಅನುಮಾನದ ಮೇಲೆ ಹಿಡಿದು ಒಳಗೆ ಹಾಕಿದರು. ಗುಂಪಿನಲ್ಲಿ ಬಂದವನು ಪ್ರವಾಸಿ ಎಂದು ಯಾರಿಗಾದರೂ ತಿಳಿಯುತ್ತದೆ. ಒಬ್ಬನೇ ಬಂದವನು ಯಾರು, ಯಾಕೆ ಬಂದ ಎಂಬುದಕ್ಕೆ ಅವನೇ ಸಾಕ್ಷಿ ಹೇಳಬೇಕು. ಒಂಟಿ ಪಯಣದ ಕಷ್ಟಗಳಲ್ಲಿ ಇದನ್ನು ನಾನು ಮೊದಲಿಗೆ ಇಡುತ್ತೇನೆ.

ಸೈಮನ್ 1977ರಲ್ಲಿ ಭಾರತದಿಂದ ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್, ಟರ್ಕಿ ಹಾದು ಊರು ಸೇರಿದರು. ಆ ದಾರಿಯಲ್ಲಿ ಆಗ ಹಿಪ್ಪಿಗಳ ಬಸ್ಸುಗಳೇ ಓಡುತ್ತಿದ್ದವು. ಎರಡೇ ವರ್ಷದಲ್ಲಿ ಅದು ಮುಗಿಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ವರ್ಷದ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನದೊಳಗೆ ಬಂತು. ಯುರೋಪಿನಿಂದ ಭಾರತಕ್ಕೆ ನೆಲದ ಮೇಲೆ ಬರುವ ಸರಾಗವಾದ ಹಾದಿ ಆಮೇಲೆ ಹಿಂದಿನಂತೆ ತೆರೆದುಕೊಳ್ಳಲೇ ಇಲ್ಲ. 1982ರಲ್ಲಿ ಬಿಎಂಡಬ್ಲ್ಯು ಬೈಕಿನಲ್ಲಿ ಹೊರಟ ಬ್ರಿಟನ್ನಿನ ಎಲ್ಸ್ಪೆತ್ ಬಿಯರ್ಡ್ 1984ರಲ್ಲಿ ಭಾರತದಲ್ಲಿದ್ದರು. ಆಗ ಪಂಜಾಬಿಗೆ ವಿದೇಶಿಯರ ಪ್ರವೇಶ ಬಂದ್ ಆಗಿತ್ತು, ಪಾಕಿಸ್ತಾನಕ್ಕಿದ್ದ ದಾರಿ ಪಂಜಾಬಿನ ಮೂಲಕವೇ. ಅಷ್ಟು ದೂರ ಬಂದವರ ಮುಂದೆ ನಿಂತ ಅಡ್ಡಿ ಕಡಿದಾದ ಬೆಟ್ಟವಾಗಿರಲಿಲ್ಲ, ಒಂದು ಪರವಾನಗಿ ಪತ್ರವಾಗಿತ್ತು.

ನಂತರದವರಲ್ಲಿ ಅರ್ಜೆಂಟೀನಾದ ಎಮಿಲಿಯೊ ಸ್ಕೊಟ್ಟೊ 1985ರಿಂದ 1995ರವರೆಗೆ ಹೋಂಡಾ ಗೋಲ್ಡ್ ವಿಂಗ್ ಬೈಕಿನಲ್ಲಿ 7,35,000 ಕಿಲೋಮೀಟರ್ ಸುತ್ತಿ ದಾಖಲೆ ಮಾಡಿದರು. ಸ್ಲೊವೇನಿಯಾದ ಬೆಂಕಾ ಪುಲ್ಕೊ 1997ರಿಂದ ಐದೂವರೆ ವರ್ಷ ಏಳೂ ಖಂಡಗಳಲ್ಲಿ ಸವಾರಿ ಮಾಡಿದರು. ಹೆಣ್ಣುಮಕ್ಕಳಿಗೆ ವಾಹನ ಓಡಿಸಲು ಅನುಮತಿಯೇ ಇಲ್ಲದಿದ್ದ ಕಾಲದಲ್ಲಿ ಸೌದಿ ಅರೇಬಿಯಾವನ್ನು ಒಬ್ಬರೇ ಬೈಕಿನಲ್ಲಿ ದಾಟಿದ್ದು ಅವರ ಸಾಧನೆ. 2004ರಲ್ಲಿ ನಟ ಯುವನ್ ಮೆಗ್ರೆಗರ್ ಮತ್ತು ಚಾರ್ಲಿ ಬೋರ್ಮನ್ ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋದದ್ದು ಟಿವಿಯಲ್ಲಿ ಬಂದು ಈ ಹವ್ಯಾಸವನ್ನು ಮನೆಮನೆಗೆ ತಂದಿತು. ಅದು ಒಂಟಿ ಪಯಣವಲ್ಲ. ಅವರ ಜೊತೆ ಕ್ಯಾಮೆರಾದವರಿದ್ದರು, ಹಿಂದೆ ನೆರವಿನ ವಾಹನಗಳಿದ್ದವು, ಕಾಗದಪತ್ರ ನೋಡಿಕೊಳ್ಳುವ ತಂಡವೂ ಇತ್ತು. ಒಂಟಿ ಸವಾರರು ಈ ಮೂರನೆಯ ತಂಡದ ಕೆಲಸವನ್ನೂ ತಾವೇ ಮಾಡಿಕೊಳ್ಳಬೇಕು. ಪಯಣದ ಅರ್ಧ ಶ್ರಮ ಅಲ್ಲೇ ಇದೆ ಎಂದರೆ ಅತಿಶಯವಲ್ಲ.

ಆ ಕಾಗದಗಳಲ್ಲಿ ದೊಡ್ಡದು ಕಾರ್ನೆಟ್. ಇದನ್ನು ಬೈಕಿನ ಪಾಸ್‌ಪೋರ್ಟ್ ಎಂದು ಕರೆಯುವ ರೂಢಿಯಿದೆ, ಅದರ ನಿಜವಾದ ಕೆಲಸ ಜಾಮೀನು. ಹೊರಗಿನಿಂದ ಬಂದ ಬೈಕು ಆ ದೇಶದಲ್ಲೇ ಮಾರಾಟವಾಗಿಬಿಟ್ಟರೆ ಆಮದು ಸುಂಕ ಕೈತಪ್ಪುತ್ತದೆ ಎಂಬುದು ಸರ್ಕಾರಗಳ ಅಳುಕು. ‘ಈ ಬೈಕು ವಾಪಸು ಹೋಗುತ್ತದೆ, ಹೋಗದಿದ್ದರೆ ಸುಂಕ ನಾವು ಕಟ್ಟುತ್ತೇವೆ’ ಎಂದು ಸವಾರರ ದೇಶದ ಆಟೊಮೊಬೈಲ್ ಸಂಘ ಬರೆದುಕೊಡುವ ಪುಸ್ತಕವೇ ಕಾರ್ನೆಟ್. 1954ರ ಅಂತರರಾಷ್ಟ್ರೀಯ ಒಪ್ಪಂದವೊಂದು ಇದರ ಬುನಾದಿ. ನಮ್ಮಲ್ಲಿ ಇದಕ್ಕಾಗಿ ಸವಾರರು ಎಡತಾಕುವುದು ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ನಿಗೆ. ಸಂಘ ಸುಮ್ಮನೆ ಜಾಮೀನು ನಿಲ್ಲುವುದಿಲ್ಲ, ಸವಾರರಿಂದ ಬ್ಯಾಂಕ್ ಗ್ಯಾರಂಟಿ ಕೇಳುತ್ತದೆ. ಬೈಕಿನ ಬೆಲೆ ಮತ್ತು ಹೋಗುವ ದೇಶಗಳನ್ನು ನೋಡಿ ಮೊತ್ತ ನಿಗದಿಯಾಗುತ್ತದೆ. ಈಜಿಪ್ಟಿನಂತೆ ಸುಂಕ ಹೆಚ್ಚಿರುವ ದೇಶ ಪಟ್ಟಿಯಲ್ಲಿದ್ದರೆ ಮೊತ್ತ ಏರುತ್ತದೆ. ಗ್ಯಾರಂಟಿಗೆ ಬ್ಯಾಂಕು ಸಾಮಾನ್ಯವಾಗಿ ಠೇವಣಿ ಇಡಿಸಿಕೊಳ್ಳುತ್ತದೆ. ಹೀಗಾಗಿ ಪೆಟ್ರೋಲು, ಊಟ, ವಸತಿಗೆಂದು ಕೂಡಿಟ್ಟ ಹಣದ ಹೊರತಾಗಿ ಇನ್ನೊಂದು ಗಂಟು ಪಯಣ ಮುಗಿಯುವವರೆಗೆ ಬ್ಯಾಂಕಿನಲ್ಲಿ ಕೂರುತ್ತದೆ. ಸಂಬಳ ಉಳಿಸಿ ಹೊರಡುವ ಹುಬ್ಬಳ್ಳಿಯ ಯುವಕನಿಗೋ ಯುವತಿಗೋ ಪಯಣ ನಿಂತುಹೋಗುವುದು ಇಲ್ಲೇ.

ಕಾರ್ನೆಟ್ ಎಲ್ಲ ದೇಶಕ್ಕೂ ಬೇಕಿಲ್ಲ ಎಂಬುದನ್ನು ಗಮನಿಸಬೇಕು. ಲ್ಯಾಟಿನ್ ಅಮೆರಿಕದ ಬಹುತೇಕ ದೇಶಗಳಲ್ಲಿ ಗಡಿಯಲ್ಲೇ ತಾತ್ಕಾಲಿಕ ಆಮದಿನ ಒಂದು ಹಾಳೆ ಬರೆದುಕೊಡುತ್ತಾರೆ. ಯುರೋಪು ಕೇಳುವುದಿಲ್ಲ. ರಷ್ಯಾ, ಕಜಕಿಸ್ತಾನದ ಕಡೆಯೂ ಗಡಿಯಲ್ಲಿ ಕೊಡುವ ಕಾಗದ ಸಾಕು. ಕೇಳುವವರು ಇರಾನ್, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಈಜಿಪ್ಟ್, ಆಸ್ಟ್ರೇಲಿಯಾ, ಜೊತೆಗೆ ಭಾರತ. ಹೊರಗಿನ ಸವಾರರ ಪಾಲಿಗೆ ನಮ್ಮದೂ ಕಟ್ಟುನಿಟ್ಟಿನ ಗೇಟೇ. ಅರ್ಜೆಂಟೀನಾ, ಚಿಲಿ ಒಂದು ಹಾಳೆಯಲ್ಲಿ ಮುಗಿಸುವ ಕೆಲಸಕ್ಕೆ ನಾವು ಜಾಮೀನಿನ ಪುಸ್ತಕ ಕೇಳುತ್ತಿದ್ದೇವೆ. ಚಾಸಿಸ್ ನಂಬರು, ಪಾಸ್‌ಪೋರ್ಟು ಎರಡೂ ಕಂಪ್ಯೂಟರಿನಲ್ಲಿ ಕೂರುವ ಈ ಕಾಲದಲ್ಲಿ ಇದಕ್ಕೆ ಸಮರ್ಥನೆ ನನಗೆ ಕಾಣುವುದಿಲ್ಲ.

ಗಡಿಯಲ್ಲಿ ನಡೆಯುವುದನ್ನು ಒಮ್ಮೆ ಹತ್ತಿರದಿಂದ ನೋಡೋಣ. ಮೊದಲು ಬಿಡುವ ದೇಶದ ಇಮಿಗ್ರೇಷನ್ ಕೌಂಟರಿನಲ್ಲಿ ಸವಾರರಿಗೆ ಠಸ್ಸೆ, ಆಮೇಲೆ ಬೇರೊಂದು ಕಟ್ಟಡದಲ್ಲಿ ಬೈಕಿಗೆ. ಕಾರ್ನೆಟ್ಟಿನ ಒಂದೊಂದು ಪುಟದಲ್ಲೂ ಮೂರು ಭಾಗಗಳಿವೆ. ಒಳಬರುವಾಗ ಕೆಳಗಿನ ತುಂಡನ್ನು ಹರಿದುಕೊಳ್ಳುತ್ತಾರೆ, ಹೊರಹೋಗುವಾಗ ನಡುವಿನದನ್ನು. ಮೇಲಿನ ತುಂಡು ಎರಡು ಠಸ್ಸೆಗಳೊಂದಿಗೆ ಪುಸ್ತಕದಲ್ಲೇ ಉಳಿಯಬೇಕು. ಅಧಿಕಾರಿ ಹೊರಗೆ ಬಂದು ಹ್ಯಾಂಡಲ್ ಪೂರ್ತಿ ತಿರುಗಿಸಲು ಹೇಳುತ್ತಾರೆ. ಹೆಡ್‌ಲೈಟಿನ ಹಿಂದೆ, ಕೇಬಲ್ಲುಗಳ ಸಂದಿಯಲ್ಲಿ ಕೊರೆದ ಚಾಸಿಸ್ ನಂಬರು ಮಣ್ಣು ಮೆತ್ತಿ ಮುಚ್ಚಿಹೋಗಿರುತ್ತದೆ. ಸವಾರರು ಬಟ್ಟೆಗೆ ನೀರು ಹಾಕಿ ಉಜ್ಜುತ್ತಾರೆ, ಅಧಿಕಾರಿ ಒಂದೊಂದೇ ಅಂಕಿ ಓದಿ ತಾಳೆ ನೋಡುತ್ತಾರೆ. ಆರ್‌ಸಿಯಲ್ಲಿ ಇರುವುದಕ್ಕೂ ಪುಸ್ತಕದಲ್ಲಿ ಬರೆದದ್ದಕ್ಕೂ ಒಂದಕ್ಷರ ವ್ಯತ್ಯಾಸ ಬಂದರೆ ಆ ದಿನದ ಸವಾರಿ ಮುಗಿದಂತೆ. ಆಚೆ ದೇಶದಲ್ಲಿ ಇದೇ ಕೆಲಸ ಮತ್ತೊಮ್ಮೆ, ಜೊತೆಗೆ ಅಲ್ಲಿನ ವಿಮೆ. ಯುರೋಪಿನಲ್ಲಿ ಗ್ರೀನ್ ಕಾರ್ಡ್, ಪೂರ್ವ ಆಫ್ರಿಕಾದಲ್ಲಿ ಯೆಲ್ಲೊ ಕಾರ್ಡ್ ಎಂಬ ವಿಮೆಗಳು ಹಲವು ದೇಶಗಳಿಗೆ ಒಟ್ಟಿಗೆ ನಡೆಯುತ್ತವೆ. ಇದೆಲ್ಲ ಆಗುವಾಗ ಲಗೇಜು ತುಂಬಿದ ಬೈಕು ಹೊರಗೆ ಬಿಸಿಲಲ್ಲಿ ನಿಂತಿರುತ್ತದೆ. ಇಬ್ಬರಿದ್ದರೆ ಒಬ್ಬರು ಬೈಕಿನ ಹತ್ತಿರ ನಿಲ್ಲಬಹುದು. ಒಬ್ಬರೇ ಬಂದವರಿಗೆ ಅದಿಲ್ಲ, ಕ್ಯೂನಲ್ಲಿ ನಿಂತೇ ಕಿಟಕಿಯಾಚೆ ಕಣ್ಣಿಡಬೇಕು.

ಹೊರಹೋಗುವ ಠಸ್ಸೆ ತಪ್ಪಿಹೋದರೆ? ಬೈಕು ಆ ದೇಶದಲ್ಲೇ ಉಳಿಯಿತೆಂದು ಲೆಕ್ಕ. ತಿಂಗಳುಗಳ ನಂತರ ಸುಂಕದ ನೋಟಿಸು ಬರಬಹುದು. ಆಗ ಊರಿನಲ್ಲಿ ಕಸ್ಟಮ್ಸಿನವರಿಗೆ ಬೈಕು ತೋರಿಸಿ, ಅದು ಇಲ್ಲೇ ಇದೆ ಎಂಬ ಪ್ರಮಾಣಪತ್ರ ಪಡೆದು ಕಳಿಸಬೇಕಾಗುತ್ತದೆ. ಅಲ್ಲಿಯವರೆಗೆ ಠೇವಣಿ ಬಿಡುಗಡೆಯಾಗುವುದಿಲ್ಲ.

ನೆಲದ ದಾರಿ ಮುಚ್ಚಿದ ಕಡೆ ಬೈಕು ಹಡಗು ಇಲ್ಲವೇ ವಿಮಾನ ಏರಬೇಕು. ಭಾರತದವರಿಗೆ ಈಚಿನ ವರ್ಷಗಳಲ್ಲಿ ಇದೇ ಮಾಮೂಲು ದಾರಿಯಾಗಿದೆ. ಪೆಟ್ರೋಲು ಖಾಲಿ ಮಾಡಿ, ಬ್ಯಾಟರಿಯ ವಯರು ಬಿಚ್ಚಿ, ಮರದ ಪೆಟ್ಟಿಗೆಯೊಳಗೆ ಬೈಕು ನಿಲ್ಲಿಸಿ ಪಟ್ಟಿಯಿಂದ ಬಿಗಿಯುತ್ತಾರೆ. ವಿಮಾನದ ಸರಕಿಗೆ ತೂಕಕ್ಕಿಂತ ಗಾತ್ರದ ಲೆಕ್ಕವೇ ದುಬಾರಿ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಿದರೆ ಬರುವ ಕಿಲೋ ಬೈಕಿನ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ. 210 ಉದ್ದ, 80 ಅಗಲ, 120 ಎತ್ತರದ ಪೆಟ್ಟಿಗೆ 336 ಕಿಲೋ ಎಂದಾಗುತ್ತದೆ. ಮುಂದಿನ ಚಕ್ರ, ಹ್ಯಾಂಡಲ್, ಕನ್ನಡಿ, ಗಾಜು ಬಿಚ್ಚಿ ಅದನ್ನೇ 180, 80, 110ಕ್ಕೆ ಇಳಿಸಿದರೆ 264 ಕಿಲೋ. ಬೈಕು ಅದೇ, ಸಾಮಾನೂ ಅದೇ. ಪಾನಾ ಹಿಡಿದು ಮಾಡಿದ ಒಂದು ಹೊತ್ತಿನ ಕೆಲಸಕ್ಕೆ 72 ಕಿಲೋದ ಬಾಡಿಗೆ ಉಳಿಯುತ್ತದೆ. ಹಡಗು ಅಗ್ಗ, ಆದರೆ ಬಂದರಿನಲ್ಲಿ ಎಷ್ಟು ದಿನ ಕಾಯಬೇಕೆಂದು ಹೇಳಲಾಗದು. ಕಾಯುವ ದಿನಗಳೆಲ್ಲ ವೀಸಾದ ಅವಧಿಯಲ್ಲೇ ಕಳೆಯುತ್ತವೆ.

ಜಗತ್ತಿನ ನಕ್ಷೆಯಲ್ಲಿ ದಾರಿ ಕಡಿದುಹೋಗುವ ಜಾಗಗಳು ಹಲವು. ಪ್ರಕೃತಿಯೇ ಅಡ್ಡ ನಿಂತದ್ದು ತೀರ ಕಡಿಮೆ. ಪನಾಮಾ ಮತ್ತು ಕೊಲಂಬಿಯಾ ನಡುವಿನ ಡೇರಿಯನ್ ಕಾಡು ಅಂಥದ್ದೊಂದು. ಅಲಾಸ್ಕಾದಿಂದ ಬರುವ ಹೆದ್ದಾರಿ ಪನಾಮಾದ ಯಾವಿಸಾದಲ್ಲಿ ಮುಗಿದು, ನೂರು ಕಿಲೋಮೀಟರಿನಷ್ಟು ಜೌಗು, ಕಾಡು ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ. ಎಡ್ ಕಲ್ಬರ್ಸನ್ 1986ರಲ್ಲಿ ಸ್ಥಳೀಯರ ನೆರವಿನಿಂದ ಬೈಕನ್ನು ಎಳೆದು, ಹೊತ್ತು, ದೋಣಿಯಲ್ಲಿಟ್ಟು ಅದನ್ನು ದಾಟಿದರು. ಉಳಿದವರು ದೋಣಿ ಇಲ್ಲವೇ ವಿಮಾನ ಹಿಡಿಯುತ್ತಾರೆ. ಬೇರೆ ಕಡಿತಗಳೆಲ್ಲ ಮನುಷ್ಯರು ಮಾಡಿದವು. ಮೊರೊಕ್ಕೊ ಮತ್ತು ಅಲ್ಜೀರಿಯಾ ನಡುವಿನ ಗಡಿ 1994ರಿಂದ ಮುಚ್ಚಿದೆ. ಕೈರೊದಿಂದ ಕೇಪ್‌ಟೌನಿನ ದಾರಿ ವರ್ಷವರ್ಷಕ್ಕೂ ಸುಧಾರಿಸುತ್ತ, ಇಥಿಯೋಪಿಯಾ ಮತ್ತು ಕೀನ್ಯಾ ನಡುವಿನ ಭಯಂಕರ ರಸ್ತೆಗೂ ಡಾಂಬರು ಬಿದ್ದಿತ್ತು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಹತ್ತಿಕೊಂಡು ಆ ದಾರಿ ತುಂಡಾಯಿತು. ಕಿರ್ಗಿಸ್ತಾನ ಮತ್ತು ತಜಿಕಿಸ್ತಾನದ ಗಡಿ 2021ರ ಗುಂಡಿನ ಚಕಮಕಿಯ ನಂತರ ಮುಚ್ಚಿ, 2025ರ ಮಾರ್ಚ್‌ನಲ್ಲಿ ಒಪ್ಪಂದವಾದ ಮೇಲೆ ತೆರೆಯಿತು. ತುರ್ಕಮೆನಿಸ್ತಾನ ದಾಟಿಹೋಗುವವರಿಗೆ ಕೊಡುವ ವೀಸಾ ಕೆಲವೇ ದಿನಗಳದ್ದು. ಒಳಬರುವ ಗೇಟು, ಹೊರಹೋಗುವ ಗೇಟು ಎರಡನ್ನೂ ಮೊದಲೇ ಬರೆಸಬೇಕು. ಮಧ್ಯೆ ಬೈಕು ಕೆಟ್ಟರೆ ಅದನ್ನು ರಿಪೇರಿ ಮಾಡಲು ಆ ದಿನಗಳಷ್ಟೇ ಕೈಯಲ್ಲಿರುತ್ತವೆ.

ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ. ಪಶ್ಚಿಮಕ್ಕೆ ಅಟ್ಟಾರಿ ಒಂದೇ ದಾರಿ. ಭಾರತದ ನಂಬರು ಫಲಕದ ಬೈಕು ಅಲ್ಲಿಂದ ಆಚೆ ಹೋಗುವುದು ಮೊದಲೇ ಅಪರೂಪವಾಗಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್‌ಗಾಮ್ ದಾಳಿಯ ನಂತರ ಅದನ್ನೂ ಮುಚ್ಚಲಾಯಿತು. ಉತ್ತರಕ್ಕೆ ನೇಪಾಳ ಮುಕ್ತವಾಗಿದೆ, ಗಡಿಯಲ್ಲಿ ದಿನದ ಲೆಕ್ಕದಲ್ಲಿ ಭನ್ಸಾರ್ ಎಂಬ ಸುಂಕ ಕಟ್ಟಿದರೆ ಸಾಕು. ಅಲ್ಲಿಂದ ರಸುವಾಗಢಿ ದಾಟಿ ಟಿಬೆಟ್ಟಿಗೆ ಹೋಗಬೇಕೆಂದರೆ ಚೀನಾದ ತಾತ್ಕಾಲಿಕ ಲೈಸೆನ್ಸು, ತಾತ್ಕಾಲಿಕ ನಂಬರು ಫಲಕ ಮತ್ತು ದಾರಿಯುದ್ದಕ್ಕೂ ಜೊತೆಗೆ ಬರುವ ಗೈಡ್ ಬೇಕು. ಆ ಖರ್ಚನ್ನು ಒಬ್ಬರೇ ಹೊರುವುದು ಕಷ್ಟವಾಗಿ ಹಲವು ಸವಾರರು ಕೂಡಿಕೊಂಡು ಹೋಗುತ್ತಾರೆ. ಗೈಡ್ ಜೊತೆಗೇ ಇರಬೇಕಾದ್ದರಿಂದ ಚೀನಾದಲ್ಲಿ ಒಂಟಿ ಪಯಣ ಎಂಬುದು ಕಾನೂನಿನ ಪ್ರಕಾರವೇ ಆಗದ ಮಾತು. 2020ರ ನಂತರ ಭಾರತೀಯರಿಗೆ ನಿಂತಿದ್ದ ಚೀನಾದ ಪ್ರವಾಸಿ ವೀಸಾ 2025ರ ಜುಲೈನಲ್ಲಿ ಮತ್ತೆ ಶುರುವಾಯಿತು. ಅದೇ ತಿಂಗಳ ಪ್ರವಾಹದಲ್ಲಿ ರಸುವಾಗಢಿಯ ಗಡಿಸೇತುವೆ ಕೊಚ್ಚಿಹೋಯಿತು.

ಪೂರ್ವದ ಕಥೆ ಹೆಚ್ಚು ಬೇಸರದ್ದು, ಯಾಕೆಂದರೆ ಆ ಬಾಗಿಲು ಒಮ್ಮೆ ತೆರೆದಿತ್ತು. ಮಣಿಪುರದ ಮೊರೆಯಿಂದ ಮ್ಯಾನ್ಮಾರಿನ ತಮುವಿಗೆ ವೀಸಾ ಇದ್ದವರು ದಾಟಬಹುದು ಎಂದು 2018ರ ಆಗಸ್ಟ್‌ನಲ್ಲಿ ಅಧಿಕೃತವಾಗಿ ತೆರೆದರು. ಡಚ್ ಭೂವಿಜ್ಞಾನಿ ನೋರಾಲಿ ಸ್ಕೂನ್‌ಮೇಕರ್ ದೆಹಲಿಯಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಕೊಂಡು, ಅದಕ್ಕೆ ‘ಬಸಂತಿ’ ಎಂದು ಹೆಸರಿಟ್ಟು, ಮ್ಯಾನ್ಮಾರ್ ಮೂಲಕ ಮಲೇಷ್ಯಾಕ್ಕೆ ಹೋದದ್ದು ಆಗಲೇ. ಆಮೇಲೆ ಒಮಾನಿನಿಂದ ಇರಾನ್, ಮಧ್ಯ ಏಷ್ಯಾ ಹಾದು ಅದೇ ಬೈಕಿನಲ್ಲಿ ತಮ್ಮ ದೇಶ ಮುಟ್ಟಿದರು. ‘ಇಚಿ ಬೂಟ್ಸ್’ ಹೆಸರಿನ ಅವರ ವಿಡಿಯೊಗಳನ್ನು ನಮ್ಮಲ್ಲೂ ಬಹಳ ಜನ ನೋಡಿದ್ದಾರೆ. 2020ರಲ್ಲಿ ಕೋವಿಡ್‌ಗೆಂದು ಮುಚ್ಚಿದ ಆ ಗೇಟು, ಮರುವರ್ಷ ಫೆಬ್ರುವರಿಯಲ್ಲಿ ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಪ್ರವಾಸಿಗಳಿಗೆ ಮೊದಲಿನಂತಾಗಲಿಲ್ಲ. ಮೊರೆಯಿಂದ ಥಾಯ್ಲೆಂಡಿನ ಮೇ ಸೋಟ್‌ವರೆಗೆ ಸುಮಾರು 1,360 ಕಿಲೋಮೀಟರಿನ ಹೆದ್ದಾರಿಯ ಮಾತು 2002ರಿಂದ ನಡೆಯುತ್ತಲೇ ಇದೆ. ಥಾಯ್ಲೆಂಡ್ ಕೂಡ 2016ರಿಂದ ಹೊರಗಿನ ವಾಹನಗಳಿಗೆ ಪ್ರವಾಸಿ ಸಂಸ್ಥೆಯ ಮೂಲಕ ಮುಂಗಡ ಅನುಮತಿ ಕಡ್ಡಾಯ ಮಾಡಿದೆ.

ಇದಕ್ಕೆ ಪಾಸ್‌ಪೋರ್ಟಿನ ತೂಕವನ್ನೂ ಸೇರಿಸಬೇಕು. ಜರ್ಮನಿ, ಜಪಾನಿನವರಿಗೆ 190ರ ಆಸುಪಾಸು ದೇಶಗಳು ಮುಂಚಿತ ವೀಸಾ ಕೇಳದಿದ್ದರೆ, ನಮಗೆ ಆ ಸಂಖ್ಯೆ 60ರ ಆಸುಪಾಸು. ವಿಮಾನದಲ್ಲಿ ಹೋಗಿಬರುವವರಿಗೆ ಇದು ಒಂದು ಅರ್ಜಿಯ ಕೆಲಸ. ಬೈಕಿನವರಿಗೆ ಹಾಗಲ್ಲ. ಆರು ತಿಂಗಳ ದಾರಿಯಲ್ಲಿ ಹತ್ತನೆಯ ದೇಶಕ್ಕೆ ಯಾವ ದಿನ ತಲುಪುತ್ತೇನೆಂದು ಹೊರಡುವ ಮೊದಲೇ ಹೇಳಲಾಗುವುದಿಲ್ಲ. ಮೊದಲೇ ವೀಸಾ ಪಡೆದರೆ ತಲುಪುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ದಾರಿಯಲ್ಲಿ ಕೇಳಿದರೆ ‘ನಿಮ್ಮ ದೇಶದಲ್ಲೇ ಅರ್ಜಿ ಹಾಕಿ’ ಎನ್ನುತ್ತಾರೆ. ಕಜಕಿಸ್ತಾನ 2022ರಲ್ಲಿ ಭಾರತೀಯರಿಗೆ 14 ದಿನ ವೀಸಾ ಇಲ್ಲದೆ ಪ್ರವೇಶ ಕೊಟ್ಟದ್ದು ಸುದ್ದಿಯಲ್ಲಿ ಸಣ್ಣದಾಗಿ ಬಂದಿರಬಹುದು. ಮಧ್ಯ ಏಷ್ಯಾದ ದಾರಿ ಯೋಚಿಸುವ ಸವಾರರಿಗೆ ಹೊಸ ಹೆದ್ದಾರಿಗಿಂತ ಹೆಚ್ಚಿನ ಕೊಡುಗೆ ಅದು.

ಇದೆಲ್ಲದರ ನಡುವೆಯೂ ಹೋದವರಿದ್ದಾರೆ ಎಂಬುದೇ ನನಗೆ ಮಹತ್ವದ್ದು. ವಿಶಾಖಪಟ್ಟಣದ ಭಾರದ್ವಾಜ ದಯಾಳ 2006ರಲ್ಲಿ ಹೀರೊ ಹೋಂಡಾ ಕರಿಜ್ಮಾದಲ್ಲಿ ಒಬ್ಬರೇ ಹೊರಟು, ಒಂದೂವರೆ ವರ್ಷದಲ್ಲಿ ಸುಮಾರು 47,000 ಕಿಲೋಮೀಟರ್ ಸುತ್ತಿ ಬಂದರು.  ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ ಬೆಂಗಳೂರಿನಿಂದ ಸಿಡ್ನಿಗೆ ಬೈಕಿನಲ್ಲಿ ಹೋದರು. ಒಂಟಿ ಹೆಣ್ಣಿಗೆ ರಸ್ತೆ ಸುರಕ್ಷಿತವೇ ಎಂದು ಇಂಥವರನ್ನು ಎಲ್ಲರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಸರಿ. ಹಾಗೆಂದು ದೊತವೀಲ್‌ರಿಂದ ಕ್ಯಾಂಡಿಡಾವರೆಗೆ ಐದು ದಶಕ ಹೆಣ್ಣುಮಕ್ಕಳು ಈ ದಾರಿಯಲ್ಲಿ ಹೋಗುತ್ತಲೇ ಬಂದಿರುವಾಗ ಅದೊಂದನ್ನೇ ಕೇಳಿ ಮುಗಿಸಬಾರದು. ಜಾಮೀನಿಗೆ ಹಣ ಎಲ್ಲಿಂದ ತಂದಿರಿ, ವೀಸಾ ಹೇಗೆ ಹೊಂದಿಸಿದಿರಿ ಎಂದೂ ಕೇಳಿದರೆ ಮುಂದೆ ಹೋಗುವವರಿಗೆ ಉಪಯೋಗವಾದೀತು.

ಯಂತ್ರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 2016ರಲ್ಲಿ ಬಂದ ಹಿಮಾಲಯನ್ ಮತ್ತು ಅದರ ಹಿಂದೆ ಬಂದ ಬೈಕುಗಳಿಂದ ನಮ್ಮಲ್ಲೇ ತಯಾರಾದ, ಕೈಗೆಟುಕುವ ಬೆಲೆಯ ದೂರದಾರಿಯ ಬೈಕುಗಳಿಗೆ ಕೊರತೆ ಉಳಿದಿಲ್ಲ. ಪಾಮೀರಿನ ಅಕ್ ಬೈತಾಲ್ ಘಾಟಿ 4,655 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಎರಡಕ್ಕಿಂತ ಕಡಿಮೆ, ಎಂಜಿನ್ನಿನ ಶಕ್ತಿಯೂ ಅಷ್ಟೇ ಕುಗ್ಗುತ್ತದೆ. ಹಾಗಿದ್ದೂ ಬೈಕು ಹತ್ತುತ್ತದೆ. ಚೈನು, ಟೈರು, ಕ್ಲಚ್ ಕೇಬಲ್ಲು ಜೊತೆಗಿದ್ದು, ಬದಲಾಯಿಸುವ ಕೈಗುಣ ಇದ್ದರೆ ಸಾಕು.

ಹಾಗಾದರೆ ಬದಲಾಗಬೇಕಾದದ್ದು ಯಾವುದು? ಆರ್‌ಟಿಒ ಕಚೇರಿಯಲ್ಲಿ 1,000 ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯುವುದು ಸಲೀಸಾಗಿದೆ. 1949ರ ಜಿನೀವಾ ಒಪ್ಪಂದದ ಬಲ ಅದಕ್ಕಿದೆ, ಒಂದು ವರ್ಷ ನಡೆಯುತ್ತದೆ. ಚಾಲಕರ ವಿಷಯದಲ್ಲಿ ಜಗತ್ತು ಒಪ್ಪಿಕೊಂಡ ಈ ನಂಬಿಕೆ ವಾಹನದ ವಿಷಯಕ್ಕೂ ಬರಬೇಕು. ಭೂತಾನ್, ಬಾಂಗ್ಲಾದೇಶ, ಭಾರತ, ನೇಪಾಳ ಸೇರಿ 2015ರ ಜೂನ್‌ನಲ್ಲಿ ಥಿಂಪುವಿನಲ್ಲಿ ಮೋಟಾರು ವಾಹನ ಒಪ್ಪಂದಕ್ಕೆ ಸಹಿ ಹಾಕಿದವು. ಅದರಲ್ಲಿ ಲಾರಿ, ಬಸ್ಸುಗಳ ಜೊತೆ ಖಾಸಗಿ ವಾಹನಗಳೂ ಇವೆ. ತನ್ನ ಪರಿಸರದ ಚಿಂತೆಯಿಂದ ಭೂತಾನ್ ಹಿಂದೆ ಉಳಿಯಿತು, ಅದರ ಕಾರಣ ಗೌರವಿಸುವಂಥದ್ದು. ಉಳಿದ ಮೂರು ದೇಶಗಳು ಲಾರಿಗಳ ಮಾತುಕತೆಯಲ್ಲೇ ನಿಂತಿವೆ. ಸರಕಿನ ಲಾಭನಷ್ಟ ತೂಗಲು ಸಮಯ ಬೇಕು, ಸರಿ. ಒಂದು ಬೈಕು, ಒಬ್ಬ ಸವಾರ, ಮೂವತ್ತು ದಿನ, ಜಾಮೀನು ಇಲ್ಲದೆ ಗಡಿಯಲ್ಲೇ ಕೊಡುವ ಒಂದು ಹಾಳೆ: ಇಷ್ಟನ್ನು ಬೇರೆಯಾಗಿ ತೆಗೆದು ಜಾರಿಗೆ ತರಲು ಹೊಸ ಸೇತುವೆ ಬೇಡ, ಹೊಸ ರಸ್ತೆಯೂ ಬೇಡ. ಬಾಂಗ್ಲಾದೇಶದ ಗಡಿಯಲ್ಲಿರುವ ನಮ್ಮ ಪೆಟ್ರಾಪೋಲ್‌ನಲ್ಲಿ, ಆಚೆ ಬೆನಾಪೋಲ್‌ನಲ್ಲಿ ಕೌಂಟರುಗಳು ಆಗಲೇ ಇವೆ.